ಹಾಡು ಓಡುವ ಜಾಗ

ನನ್ನ ತಮ್ಮ ಒಂದು ಕಡೆ ಕೂತು ಒಂದು ಲೋಟ ಚಹಾ ಪೂರ್ತಿ ಕುಡಿದದ್ದನ್ನು ನಾನು ನೋಡಿಲ್ಲ. ಅರ್ಧ ಕುಡಿಯುವಷ್ಟರಲ್ಲಿ ಎದ್ದುಬಿಡುತ್ತಾನೆ. ಉಳಿದರ್ಧ ಕಿಟಕಿಯ ಕಟ್ಟೆಯ ಮೇಲೋ, ಆಂಪ್ಲಿಫೈಯರಿನ ಮೇಲೋ, ನನ್ನ ವ್ಯಾನಿನ ಸ್ಟೇರಿಂಗಿನ ಹಿಂದೆಯೋ ಆರಿ ತಣ್ಣಗಾಗಿರುತ್ತದೆ. ಬ್ಯಾಂಡುಗಳನ್ನೂ ಅವನು ಹೀಗೆಯೇ ಅರ್ಧಕ್ಕೆ ಬಿಟ್ಟ. ನೆಂಟರು ಸಿಕ್ಕಾಗ, ಅವನು ಈಗ ಯಾವ ಬ್ಯಾಂಡಿನಲ್ಲಿದ್ದಾನೆ ಎಂದು ಕೇಳುತ್ತಿರಲಿಲ್ಲ, ಈಗ ಯಾವುದನ್ನು ಬಿಟ್ಟ ಎಂದೇ ಕೇಳುತ್ತಿದ್ದರು. ಅಮ್ಮ ಅದಕ್ಕೆ, "ಹೊಟ್ಟೇಲಿದ್ದಾಗಲೇ ಒಂದು ಮಗ್ಗುಲಿಗೆ ಮಲಗಿದವನಲ್ಲ. ಈಗ ಎಲ್ಲಿ ನಿಲ್ತಾನೆ" ಎಂದು ಮಾತು ಮುಗಿಸುತ್ತಿದ್ದಳು.

ನಾನು ಲಾಂಡ್ರಿಯ ವ್ಯಾನ್ ಓಡಿಸುವವಳು. ಬೆಳಿಗ್ಗೆ ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಕೊಳೆಯಾದ ಹಾಸಿಗೆಬಟ್ಟೆಗಳ ಮೂಟೆ ತರುವುದು, ಸಂಜೆ ಒಗೆದು ಇಸ್ತ್ರಿ ಮಾಡಿದ್ದನ್ನು ತಲುಪಿಸುವುದು. ನಡುವೆ ಮಧ್ಯಾಹ್ನ ವ್ಯಾನ್ ಕೆಲಸವಿಲ್ಲದೆ ನಿಂತಿರುತ್ತದೆ. ಅದು ತಮ್ಮನ ಕಣ್ಣಿಗೆ ಬಿತ್ತು. ಅವನ ಕಣ್ಣಿಗೆ ಬಿದ್ದ ಮೇಲೆ ನನ್ನ ಮಧ್ಯಾಹ್ನದ ನಿದ್ದೆಗೆ ಕಲ್ಲು ಬಿತ್ತು.

ಅವನ ಮೊದಲ ಬ್ಯಾಂಡಿನಲ್ಲಿ ನಾಲ್ಕು ಜನ. ತಮ್ಮ ಗಿಟಾರ್ ನುಡಿಸುತ್ತಿದ್ದ. ಹಾಡುವವನೊಬ್ಬ, ಬಾಸ್ ಗಿಟಾರಿನವನೊಬ್ಬ, ಡ್ರಮ್ ಬಾರಿಸುವವನೊಬ್ಬ. ಹಾಡುವವನ ಚಿಕ್ಕಪ್ಪನಿಗೆ ಹಾಸಿಗೆ ಮಾರುವ ಅಂಗಡಿಯಿತ್ತು. ಅದರ ಗೋದಾಮಿನಲ್ಲಿ ಇವರ ಅಭ್ಯಾಸ. ಸುತ್ತಲೂ ಪ್ಲಾಸ್ಟಿಕ್ ಹೊದಿಸಿದ ಹಾಸಿಗೆಗಳು ಸೂರಿನವರೆಗೆ ಒಟ್ಟಿದ್ದರಿಂದ ಒಳಗಿನ ಸದ್ದು ಹೊರಗೆ ಹೋಗುತ್ತಿರಲಿಲ್ಲ, ಹೊರಗಿನ ಗಾಳಿ ಒಳಗೆ ಬರುತ್ತಿರಲಿಲ್ಲ. ಊಟವಾದ ಮೇಲೆ ನಾನು ಇವರನ್ನೂ ಇವರ ಸಾಮಾನನ್ನೂ ಅಲ್ಲಿಗೆ ಹಾಕಿ, ವ್ಯಾನಿನಲ್ಲೇ ಕಾಲು ಚಾಚಿ, ಸಂಜೆಯ ಸರಬರಾಜಿನ ಹೊತ್ತಾದಾಗ ಗೋದಾಮಿನ ಷಟರ್ ಎತ್ತಿ ಒಳಗೆ ಹೋಗಿ ಕೀ ಗೊಂಚಲು ಆಡಿಸುತ್ತಿದ್ದೆ. ಮಾತಿನ ಅಗತ್ಯವಿರಲಿಲ್ಲ. ಕೀ ಸದ್ದಾಯಿತೆಂದರೆ ಮುಗಿಸಿ ಹೊರಡಿ ಎಂದರ್ಥ. ತಡವಾದರೆ ಲಾಂಡ್ರಿಯ ಮ್ಯಾನೇಜರ್ ನನ್ನನ್ನು ಒಗೆದು ಹಿಂಡಿ ಒಣಗಲು ಹಾಕುತ್ತಿದ್ದ.

ಬರುವಾಗಲೂ ಹೋಗುವಾಗಲೂ ಮೂವರು ಹಿಂದೆ ಮೂಟೆಗಳ ಮೇಲೆ ಕೂರುತ್ತಿದ್ದರು. ಡ್ರಮ್ಮಿನವನು ಮಾತ್ರ ಮುಂದೆ, ನನ್ನ ಪಕ್ಕ. ಅವನ ಡ್ರಮ್ಮುಗಳ ಜೊತೆಯ ಹಿತ್ತಾಳೆ ತಟ್ಟೆಗಳು ಹಿಂದೆ ಹಾಕಿದರೆ ಬಾಗಿಹೋಗುತ್ತವೆ, ತೊಡೆಯ ಮೇಲೇ ಇಟ್ಟುಕೊಳ್ಳಬೇಕು ಎನ್ನುತ್ತಿದ್ದ. ತಟ್ಟೆಯನ್ನು ಮಗುವಿನ ಹಾಗೆ ಹಿಡಿದುಕೊಂಡು ಸುಮ್ಮನೆ ರಸ್ತೆ ನೋಡುತ್ತ ಕೂರುವವನು. ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಇವನಷ್ಟು ನಿಧಾನದ ಮನುಷ್ಯನನ್ನು ನಾನು ಕಂಡಿಲ್ಲ. ಕಿತ್ತಳೆ ಸುಲಿಯಲು ಕೂತರೆ ನಾರನ್ನೆಲ್ಲ ಒಂದೊಂದಾಗಿ ತೆಗೆದು, ತೊಳೆಯನ್ನು ಬೆಳಕಿಗೆ ಹಿಡಿದು ನೋಡಿ ಆಮೇಲೆ ಬಾಯಿಗೆ ಹಾಕುವ ಜಾತಿ.

ಆ ಗೋದಾಮಿನಲ್ಲೇ ತಮ್ಮನ ಹಾಡು ಹುಟ್ಟಿತು. ಅದಕ್ಕೆ ಮಾತು ಕಡಿಮೆ, ಗಿಟಾರೇ ಹೆಚ್ಚು. ಶುರುವಿನಲ್ಲಿ ಸೋಮಾರಿಯಾಗಿ ನಡೆಯುತ್ತದೆ, ನಡುವೆ ಒಂದು ಕಡೆ ತಿರುಗಿ ನಿಂತ ಹಾಗೆ ಆಗುತ್ತದೆ, ಅಲ್ಲಿಂದ ಮುಂದೆ ಓಡುತ್ತದೆ. ಅಭ್ಯಾಸದ ಕೊನೆಗೆ ಯಾವಾಗಲೂ ಅದೇ ಹಾಡು. ನನಗೆ ಅವರ ಬೇರೆ ಹಾಡುಗಳೆಲ್ಲ ಪಾತ್ರೆ ಬಿದ್ದ ಸದ್ದು. ಆದರೆ ಇದು ಓಡತೊಡಗಿದಾಗ ನನ್ನ ಎದೆಯೂ ಓಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಇದನ್ನು ನನ್ನ ತಮ್ಮ ಮಾಡಿದ ಎಂದು ಹೆಮ್ಮೆಯಾಗುತ್ತಿತ್ತು.

ತಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಹಾಡನ್ನು ತಾನು ಮಾಡಿದ್ದು ಒಂದೇ ವೇಗಕ್ಕೆ, ಡ್ರಮ್ಮಿನವನು ಕೈ ಹಿಡಿತವಿಲ್ಲದೆ ಅದನ್ನು ಎಳೆದುಕೊಂಡು ಓಡುತ್ತಾನೆ ಎಂದು ಅವನ ದೂರು. ಹೇಳಿ ನೋಡಿದ, ಕಾಲು ನೆಲಕ್ಕೆ ಬಡಿದು ತೋರಿಸಿದ. ಡ್ರಮ್ಮಿನವನು ತಲೆಯಾಡಿಸಿ ಒಪ್ಪಿ, ಮತ್ತೆ ಅದೇ ಜಾಗದಲ್ಲಿ ಓಡುತ್ತಿದ್ದ.

ಒಂದು ಕಾಲೇಜಿನ ಸಭಾಂಗಣದಲ್ಲಿ ಬ್ಯಾಂಡುಗಳ ಸ್ಪರ್ಧೆ ನಡೆಯಿತು. ಇವರದು ಕೊನೆಯ ಸರದಿ, ಕೊನೆಯ ಹಾಡು ಇದೇ. ಹಾಡು ತಿರುಗಿ ನಿಂತಿತು, ಓಡಿತು. ತಮ್ಮ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿಬಿಟ್ಟ. ಎಲ್ಲರೂ ನಿಂತರು. ಅವನು ಹಿಂದಕ್ಕೆ ತಿರುಗಿ, ಮೈಕಿನಲ್ಲೇ, "ಏನು ಗಡಿಬಿಡಿ, ಬಸ್ ತಪ್ಪಿಹೋಗುತ್ತಾ ನಿಂಗೆ?" ಎಂದ.

ಸಭಾಂಗಣ ನಕ್ಕಿತು. ಡ್ರಮ್ಮಿನವನೂ ನಕ್ಕ. ಆದರೆ ಕೈಯಲ್ಲಿದ್ದ ಕೋಲುಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವನು ಒಂದು ಗಳಿಗೆ ತಡಕಾಡಿದ್ದು ಪಕ್ಕದ ಬಾಗಿಲಲ್ಲಿ ನಿಂತಿದ್ದ ನನಗೆ ಕಾಣಿಸಿತು. ಅವತ್ತಿನಿಂದ ಅವನಿಗೆ ಗಡಿಬಿಡಿ ಎಂದೇ ಹೆಸರಾಯಿತು. ವಾರ ಕಳೆಯುವುದರಲ್ಲಿ ತಮ್ಮ ಆ ಬ್ಯಾಂಡ್ ಬಿಟ್ಟ. ಗೋದಾಮಿಗೆ ಮತ್ತೆ ಹಾಸಿಗೆ ಮಾತ್ರ ಉಳಿಯಿತು.

ಡ್ರಮ್ಮಿನವನು ವ್ಯಾನಿನಲ್ಲಿ ಉಳಿದಿದ್ದ ಒಂದು ಕೇಬಲ್ ಕೇಳಿಕೊಂಡು ಲಾಂಡ್ರಿಗೆ ಬಂದ. ಮಾರನೇ ದಿನ, ಅದು ತನ್ನದಲ್ಲ ಎಂದು ವಾಪಸು ಕೊಡಲು ಬಂದ. ಇನ್ನೊಂದು ದಿನ, ಅಲ್ಲ, ತನ್ನದೇ ಎಂದು ಬಂದ. ಇಸ್ತ್ರಿ ಮಾಡುವ ಹೆಂಗಸರು ಹಾಸುಬಟ್ಟೆಯ ಮರೆಯಲ್ಲಿ ನಗತೊಡಗಿದರು. ಕೊನೆಗೆ ನಾನೇ, "ನೆಪಕ್ಕೆ ಇನ್ನೆಷ್ಟು ಕೇಬಲ್ ಇದೆ ನಿಮ್ಮ ಹತ್ರ? ಹೇಳೋದನ್ನ ಹೇಳಿಬಿಡಿ, ನನಗೆ ವ್ಯಾನ್ ತೆಗೀಬೇಕು" ಎಂದೆ. ಹೇಳಲು ಅವನು ತೆಗೆದುಕೊಂಡ ಸಮಯದಲ್ಲಿ ನಾನು ಒಂದು ಸುತ್ತು ಸರಬರಾಜು ಮುಗಿಸಿ ಬರಬಹುದಿತ್ತು. ಅಂತೂ ಮದುವೆಯಾಯಿತು. ಮದುವೆಯ ದಿನವೂ ನನ್ನ ತಮ್ಮ ಅವನನ್ನು ಗಡಿಬಿಡಿ ಎಂದೇ ಕರೆದ. ಅಮ್ಮ, "ಭಾವ ಅನ್ನೋ" ಎಂದು ಗದರಿದರೆ ಹೆಗಲು ಕುಣಿಸಿದ.

ಮನೆಗೆ ನನ್ನ ಜೊತೆ ಒಬ್ಬಳು ಸವತಿಯೂ ಬಂದಳು. ಅದೊಂದು ಮರದ ಪೆಟ್ಟಿಗೆ, ಗೋಪುರದ ಆಕಾರದ್ದು. ಕೀಲಿ ಕೊಟ್ಟರೆ ಮುಂದಿನ ಕಡ್ಡಿ ಅತ್ತ ಇತ್ತ ಆಡಿ ಟಿಕ್ ಟಿಕ್ ಎಂದು ತಾಳ ಹೇಳುತ್ತದೆ. ಮೆಟ್ರೊನೋಮ್ ಎಂದು ಅದರ ಹೆಸರು. ಗಂಡ ಅಂಗಡಿಯಿಂದ ಬಂದು ಕೈಕಾಲು ತೊಳೆದು ಅದರ ಮುಂದೆ ಕೂತನೆಂದರೆ, ರಬ್ಬರಿನ ಒಂದು ಹಲಗೆಯ ಮೇಲೆ ಕೋಲಿನಿಂದ ಬಡಿಯುತ್ತಲೇ ಇರುತ್ತಿದ್ದ. ಊಟಕ್ಕೆ ಕರೆದರೆ ಟಿಕ್. ಹಾಲು ಉಕ್ಕಿತು ಎಂದರೆ ಟಿಕ್. ಯಾವ ಬ್ಯಾಂಡೂ ಇಲ್ಲ, ಯಾರೂ ಕರೆಯುತ್ತಿಲ್ಲ, ಆದರೂ ಬಡಿಯುತ್ತಾನೆ. ಒಮ್ಮೆ ರೇಗಿ ಕೇಳಿದೆ, "ಯಾರಿಗೋಸ್ಕರ ಇದು?"

"ಯಾರಿಗೂ ಅಲ್ಲ," ಎಂದ. "ನನ್ನ ಕೈಯಲ್ಲಿ ಒಂದು ರೋಗ ಇದೆ. ಅದು ಹೋಗಬೇಕು, ಅಷ್ಟೇ."

ನನಗೆ ತಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆ ತಮ್ಮ ಮಹಾಶಯ ಇತ್ತ ಊರು ಸುತ್ತುತ್ತಿದ್ದ. ಎರಡನೇ ಬ್ಯಾಂಡು ದೊಡ್ಡ ಹೋಟೆಲೊಂದರ ಊಟದ ಹಾಲಿನದು. ಎಲ್ಲರಿಗೂ ಒಂದೇ ಬಣ್ಣದ ಕೋಟು. ಜನ ಊಟ ಮಾಡುತ್ತ ಮಾತಾಡುವುದಕ್ಕೆ ಅಡ್ಡಿಯಾಗದ ಹಾಗೆ ಬೇರೆಯವರ ಹಾಡು ನುಡಿಸಬೇಕು. ಆ ಹೋಟೆಲಿನ ಮೇಜುಬಟ್ಟೆಗಳು ನಮ್ಮ ಲಾಂಡ್ರಿಗೇ ಬರುತ್ತಿದ್ದವು, ಹಾಗಾಗಿ ಅವನನ್ನು ಹಿಂಬಾಗಿಲಲ್ಲಿ ಕಾಣುತ್ತಿದ್ದೆ. ಕೋಟಿನ ಗುಂಡಿ ಬಿಚ್ಚುತ್ತ ಹಾಕುತ್ತ ನಿಂತಿರುತ್ತಿದ್ದ. ಒಂದು ದಿನ ಮೇಲ್ವಿಚಾರಕ ಒಪ್ಪಿದನೆಂದು ತನ್ನ ಹಾಡು ನುಡಿಸಿದ. ನಡುವೆ ಆ ಮೇಲ್ವಿಚಾರಕ ಬಂದು ಆಂಪ್ಲಿಫೈಯರಿನ ಗುಂಡಿಯನ್ನು ತಾನೇ ತಿರುಗಿಸಿ ಸದ್ದು ಇಳಿಸಿದನಂತೆ. ತಮ್ಮ ಕೋಟನ್ನು ಬಿಚ್ಚಿ ಕುರ್ಚಿಗೆ ನೇತುಹಾಕಿ ಬಂದುಬಿಟ್ಟ. ಆ ಕೋಟನ್ನು ಒಗೆಯಲು ನಾನೇ ತಂದೆ.

ಮೂರನೆಯದು ಇದಕ್ಕೆ ಉಲ್ಟಾ. ಮೂರು ಗಿಟಾರು, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ಅಭ್ಯಾಸವೇ ಇಲ್ಲ. ಅವನ ಹಾಡನ್ನು ಮೊದಲ ಗಳಿಗೆಯಿಂದಲೇ ಓಡಿಸಿದರು. ಮೊದಲೇ ಓಡುತ್ತಿರುವವನು ಆಮೇಲೆ ಓಡುವುದು ಹೇಗೆ? ಅಲ್ಲಿಂದಲೂ ಎದ್ದ. ಆಮೇಲೆ ಯಾರದೋ ಕೈ ಮುರಿಯಿತೆಂದು ಬದಲಿಯಾಗಿ ಇನ್ನೊಂದು ಬ್ಯಾಂಡಿನ ಜೊತೆ ಊರೂರು ಅಲೆದ. ಆ ಕೈ ಕೂಡಿಕೊಂಡ ದಿನ ಇವನು ಮನೆಗೆ ಬಂದ.

"ಇನ್ನು ಯಾರ ಸಹವಾಸವೂ ಬೇಡ. ಎಲ್ಲ ನಾನೇ ನುಡಿಸ್ತೀನಿ," ಎಂದ.

ಅಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಕಿಟಕಿಗೆ ಕಂಬಳಿ ಹೊಡೆದು, ಗಿಟಾರ್ ತಾನೇ, ಬಾಸ್ ತಾನೇ, ಹಾಡುವುದೂ ತಾನೇ, ಡ್ರಮ್ಮಿಗೆ ಯಂತ್ರ. ಸಣ್ಣ ಸಣ್ಣ ಹಾಲುಗಳಲ್ಲಿ ಒಬ್ಬನೇ ಕುರ್ಚಿ ಹಾಕಿಕೊಂಡು ನುಡಿಸಿ ಬರುತ್ತಿದ್ದ. ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಆ ಒಂದು ಹಾಡು ಮಾತ್ರ ಏಳಲಿಲ್ಲ. ಒಂದೇ ವೇಗದಲ್ಲಿ ಇಟ್ಟು ನೋಡಿದ, ತಾನು ಬೇಕೆಂದ ಆ ಒಂದೇ ವೇಗ. ಹಾಡು ಮಲಗಿಕೊಂಡಿತು. ಕಂಪ್ಯೂಟರಿನಲ್ಲಿ ನಡುವಿನಿಂದ ವೇಗ ಸ್ವಲ್ಪ ಸ್ವಲ್ಪವೇ ಏರುವ ಹಾಗೆ ಮಾಡಿದ. ಅಮ್ಮನನ್ನು ಕರೆದು ಕೇಳಿಸಿದ. ಅಮ್ಮ ಸೌಟು ಹಿಡಿದುಕೊಂಡೇ ಕೇಳಿ, "ಲಿಫ್ಟಲ್ಲಿ ಹೋದ ಹಾಗಿದೆ ಕಣೋ. ಮೇಲೇನೋ ಹೋಯ್ತು, ಕಾಲಿಗೆ ಕೆಲಸವೇ ಇಲ್ಲ" ಎಂದಳು.

ಅವನು ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟ.

ಹೀಗಿರುವಾಗ ಒಂದು ಅವಕಾಶ ಬಂತು. ಹಾಡುಗಳ ಆಲ್ಬಮ್ ತರುವ ಕಂಪನಿಯೊಂದರ ಹೆಂಗಸಿಗೆ ಇವನ ಹಳೆಯ ಧ್ವನಿಮುದ್ರಣವೊಂದು ಸಿಕ್ಕಿತ್ತು. ಗೋದಾಮಿನಲ್ಲಿ ಹಾಸಿಗೆಯ ಮೇಲೆ ಫೋನ್ ಇಟ್ಟು ಮಾಡಿಕೊಂಡದ್ದು. ಅದನ್ನು ಕೇಳಿ ಆಕೆ ಇವನನ್ನು ಕರೆಸಿ, ಇವನ ಹೆಸರಿನಲ್ಲೇ ಆಲ್ಬಮ್ ತರುತ್ತೇವೆ, ಮೊದಲ ಹಾಡು ಇದೇ ಆಗಬೇಕು, ಹೀಗೆಯೇ ಓಡಬೇಕು ಎಂದಳಂತೆ. ಸ್ಟುಡಿಯೋ ಒಂದು ದಿನಕ್ಕೆ ಕೊಡುತ್ತಾರೆ. ಆಗದಿದ್ದರೆ ಆ ಜಾಗ ಸಾಲಿನಲ್ಲಿ ಕಾದಿರುವ ಇನ್ನೊಬ್ಬನಿಗೆ. ತಮ್ಮ ಪೇಟೆಯ ಒಳ್ಳೊಳ್ಳೆಯ ಡ್ರಮ್ಮಿನವರನ್ನು ಕರೆದು ನೋಡಿದ. ಇಲ್ಲಿ ಓಡಿ ಎಂದರೆ ಓಡಿದರು. ಆದರೆ ಹೇಳಿಸಿಕೊಂಡು ಓಡಿದ ಹಾಗೆಯೇ ಇತ್ತು. ಕೊನೆಗೆ ಒಂದು ಭಾನುವಾರ ನಮ್ಮ ಮನೆಗೆ ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ, ಬಾಗಿಲ ಚೌಕಟ್ಟಿನ ಮೇಲೆ ಬೆರಳು ಬಡಿಯುತ್ತ ನಿಂತ.

"ಅಕ್ಕ, ನನಗೆ ಆ ಓಟ ಬೇಕು," ಎಂದ ಮೆಲ್ಲಗೆ. "ಅವನು ಓಡ್ತಿದ್ದನಲ್ಲ, ಅದು. ಹಾಡು ಇದ್ದದ್ದೇ ಅದರಲ್ಲಿ. ನನಗೇ ಗೊತ್ತಾಗಿರ್ಲಿಲ್ಲ."

ನನ್ನ ಕೈಯಲ್ಲಿ ಲಟ್ಟಣಿಗೆಯಿತ್ತು. ಅದನ್ನು ಕೆಳಗಿಟ್ಟೇ ಮಾತಾಡಿದೆ, ಅಷ್ಟು ವಿವೇಕ ನನಗಿದೆ. "ನಾಚಿಕೆ ಆಗಲ್ವಾ ನಿಂಗೆ? ನೂರು ಜನರ ಮುಂದೆ ನಗೆಪಾಟಲು ಮಾಡಿದೆ. ಈಗ ಅದೇ ಬೇಕು ಅಂತ ಬಂದಿದ್ದೀಯ. ಮಾಡಿದ್ದು ತಪ್ಪು ಅಂತ ಒಂದು ಮಾತು ಬಾಯಲ್ಲಿ ಬರುತ್ತಾ ನೋಡು."

ಬರಲಿಲ್ಲ. ಅವನು ಬೆರಳು ಬಡಿಯುವುದನ್ನು ನಿಲ್ಲಿಸಿದ, ಅಷ್ಟೇ.

ಅಷ್ಟರಲ್ಲಿ ಗಂಡ ಒಳಗಿನಿಂದ ಬಂದ. ಏನು ವಿಷಯ ಎಂದು ಕೇಳಿದ. ಸ್ಟುಡಿಯೋ, ಹಾಡು, ಡ್ರಮ್ ಬಾರಿಸಲು ಬರಬೇಕು ಎಂದಷ್ಟೇ ತಮ್ಮ ಹೇಳಿದ. ಓಟದ ಮಾತು ಎತ್ತಲಿಲ್ಲ. ಗಂಡ ಎಂದಿನಂತೆ ಯೋಚಿಸಿದ. ಯೋಚಿಸಿ, "ಬರ್ತೀನಿ" ಎಂದ. ಮುಖ ಅರಳಿತ್ತು. "ಒಂದು ವಿಷಯ ತಿಳ್ಕೋ. ಈಗ ನಾನು ಓಡಲ್ಲ. ಒಂದು ಕೂದಲಿನಷ್ಟೂ ಆಚೆ ಈಚೆ ಹೋಗಲ್ಲ. ನೀನೇ ಕೇಳುವೆಯಂತೆ."

ತಮ್ಮ ನನ್ನ ಮುಖ ನೋಡಿದ. ನಾನು ತಮ್ಮನ ಮುಖ ನೋಡಿದೆ. ನಾನು ತಿರುಗಿ ಹಿಟ್ಟು ನಾದತೊಡಗಿದೆ, ಆಗಲೇ ನಾದಿದ್ದ ಹಿಟ್ಟನ್ನೇ.

ಸ್ಟುಡಿಯೋಗೆ ನಾನೇ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಗಂಡ ಮುಂದೆ, ತೊಡೆಯ ಮೇಲೆ ಹಿತ್ತಾಳೆ ತಟ್ಟೆ. ತಮ್ಮ ಹಿಂದೆ ಮೂಟೆಗಳ ನಡುವೆ. ದಾರಿಯುದ್ದಕ್ಕೂ ಗಂಡ ತನ್ನ ಚೀಲದೊಳಗೆ ಕೈ ಹಾಕಿ ಆ ಮರದ ಪೆಟ್ಟಿಗೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಸ್ಟುಡಿಯೋ ಒಂದು ಹಳೆಯ ಕಟ್ಟಡದ ನೆಲಮಾಳಿಗೆ. ಗಾಜಿನ ಈಚೆ ಯಂತ್ರಗಳ ಮುಂದೆ ಧ್ವನಿ ಹಿಡಿಯುವವನು, ಆಚೆ ಇವರಿಬ್ಬರು. ಬಾಸ್ ಆಮೇಲೆ ಸೇರಿಸಿಕೊಳ್ಳುತ್ತಾರಂತೆ. ಗಂಡ ಡ್ರಮ್ಮುಗಳನ್ನು ಜೋಡಿಸಿದ. ದೊಡ್ಡ ಡ್ರಮ್ಮಿನ ಹೊಟ್ಟೆಯೊಳಗೆ ಸದ್ದು ಹದವಾಗಲೆಂದು ಒಂದು ದಿಂಬು ತುರುಕಿರುತ್ತಾನೆ. ಅದರ ಮೂಲೆಯಲ್ಲಿ ಇನ್ನೂ ಒಂದು ಹೋಟೆಲಿನ ಗುರುತಿತ್ತು. ಗೋದಾಮಿನ ಕಾಲದಲ್ಲಿ ನನ್ನ ಮೂಟೆಯಿಂದ ಕದ್ದದ್ದು, ಮ್ಯಾನೇಜರ್ ಅದಕ್ಕಾಗಿ ನನ್ನ ಪ್ರಾಣ ತಿಂದಿದ್ದ. ನೋಡಿ ನನಗೆ ನಗು ಬಂತು, ಗಾಜಿನಾಚೆಯಿಂದ ಅವನೂ ನಕ್ಕ.

ಶುರು ಮಾಡಿದರು. ಮೆಟ್ರೊನೋಮಿನಿಂದ ವೇಗ ತೆಗೆದುಕೊಂಡು, ಅದನ್ನು ನಿಲ್ಲಿಸಿ, ಗಂಡ ಬಾರಿಸಿದ. ಹೇಳಿದ್ದು ಸುಳ್ಳಲ್ಲ. ಹಾಡು ನಡೆಯಿತು, ತಿರುಗಿ ನಿಂತಿತು, ಮತ್ತೆ ಅದೇ ನಡಿಗೆಯಲ್ಲಿ ಕೊನೆಯವರೆಗೂ ಹೋಗಿ ಮುಗಿಯಿತು. ಧ್ವನಿ ಹಿಡಿಯುವವನು ಮೈಕಿನಲ್ಲಿ, "ಸಾರ್, ಇಷ್ಟು ನೇರವಾಗಿ ಬಾರಿಸೋರು ನನಗೆ ಸಿಕ್ಕೇ ಇಲ್ಲ" ಎಂದ. ಗಂಡ ತಲೆ ತಗ್ಗಿಸಿ ಕೋಲುಗಳನ್ನು ಒರೆಸಿದ. ಆ ಖುಷಿಯನ್ನು ಅವನು ಮುಚ್ಚಿಟ್ಟುಕೊಳ್ಳುವ ರೀತಿ ನೋಡಿ ನಾನು ಕಣ್ಣು ಬೇರೆ ಕಡೆ ಹೊರಳಿಸಿದೆ. ಯಾಕೆಂದರೆ ತಮ್ಮನ ಮುಖ ಬಾಡಿಹೋಗಿತ್ತು.

ಮತ್ತೆ ನುಡಿಸಿದರು, ಮತ್ತೆ. ತಮ್ಮ ಕೂತು ನುಡಿಸಿದ, ನಿಂತು ನುಡಿಸಿದ, ಗಿಟಾರ್ ಬದಲಾಯಿಸಿದ, ಚಹಾ ತರಿಸಿ ಅರ್ಧ ಬಿಟ್ಟ. ಗಂಡ ಕದಲಲಿಲ್ಲ. ಮಧ್ಯಾಹ್ನ ಜಾರುತ್ತಿತ್ತು. ಕೊನೆಗೆ ತಮ್ಮ ಅವನ ಎದುರಿಗೆ ಹೋಗಿ ನಿಂತು, "ಓಡು" ಎಂದ.

"ಏನು?"

"ಮೊದಲಿನ ಹಾಗೆ ಓಡು. ಆ ಜಾಗದಲ್ಲಿ."

ಗಂಡ ಕೋಲುಗಳನ್ನು ಡ್ರಮ್ಮಿನ ಮೇಲೆ ಮಲಗಿಸಿದ. "ಓಡಬೇಡ ಅಂದೋನು ನೀನೇ," ಎಂದ. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಹೌದು. ಅಂದೆ."

"ಆವಾಗಿನಿಂದ ಒಂದು ಸಂಜೆ ಬಿಟ್ಟಿಲ್ಲ ನಾನು. ನಿನ್ನ ಅಕ್ಕನ್ನ ಕೇಳು."

ನನಗೆ ಎದ್ದುಹೋಗಿ ತಮ್ಮನ ಕೆನ್ನೆಗೆ ಎರಡು ಬಿಗಿಯಬೇಕೆನ್ನಿಸಿತು. ಆದರೆ ಗಂಡ ದೊಡ್ಡ ಮನಸ್ಸಿನವನು, ಕೋಲು ಎತ್ತಿಕೊಂಡ. ಬಾರಿಸಿದ, ಆ ಜಾಗಕ್ಕೆ ಬಂದ ಮೇಲೆ ವೇಗ ಏರಿಸಿದ. ಅದು ಪೊಲೀಸರು ಅಟ್ಟಿಸಿಕೊಂಡು ಬಂದವರ ಓಟದ ಹಾಗಿತ್ತು. ಅವನಿಗೇ ಗೊತ್ತಾಗಿ ನಿಲ್ಲಿಸಿದ.

"ನಿಜ ಹೇಳ್ತೀನಿ, ನಾನು ಹೇಗೆ ಓಡ್ತಿದ್ದೆ ಅಂತ ನನಗೇ ಗೊತ್ತಿಲ್ಲ," ಎಂದ. "ಓಡ್ತಿದ್ದೀನಿ ಅಂತಲೂ ನನಗೆ ತಿಳೀತಿರ್ಲಿಲ್ಲ. ನೀನು ಹೇಳಿದ ಮೇಲೆ ತಿಳೀತು."

ತಮ್ಮ ಈಚೆ ಬಂದು ತನ್ನ ಫೋನಿನ ಹಳೆಯ ಮುದ್ರಣವನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿಸಿದ. ಗೋದಾಮಿನ ಆ ಉಸಿರುಗಟ್ಟಿದ ಸದ್ದು, ಹಾಡು ಸೋಮಾರಿಯಾಗಿ ನಡೆದು ಬಂತು, ತಿರುಗಿ ನಿಂತಿತು. ಆಗ ಸಂಗೀತದ ಹಿಂದೆ ಎಲ್ಲೋ ಕರಕರ ಎಂದು ಒಂದು ಸದ್ದಾಯಿತು. ಮರುಗಳಿಗೆಗೆ ಡ್ರಮ್ ಓಡಿತು, ಗಿಟಾರ್ ಅದರ ಹಿಂದೆ ಬಿದ್ದು ಓಡಿತು. ಮೈ ಜುಮ್ಮೆಂದಿತು. ಆದರೆ ನನ್ನ ಮನಸ್ಸು ಆ ಕರಕರದಲ್ಲಿ ಸಿಕ್ಕಿಕೊಂಡಿತ್ತು. ಅದು ಕಬ್ಬಿಣದ ಷಟರ್ ಎತ್ತುವ ಸದ್ದು. ಎಣ್ಣೆ ಕಾಣದ ಆ ಷಟರನ್ನು ದಿನವೂ ಎತ್ತುತ್ತಿದ್ದವಳು ನಾನು.

ಕೂತಲ್ಲೇ ನೆನೆದುಕೊಂಡೆ. ಆ ಹಾಡು ಯಾವಾಗಲೂ ಕೊನೆಗೆ. ಕೊನೆಗೆ ಎಂದರೆ ನಾನು ಬರುವ ಹೊತ್ತಿಗೆ. ಕಾಲೇಜಿನ ಸಭಾಂಗಣದಲ್ಲಿ ನಾನೆಲ್ಲಿದ್ದೆ? ಪಕ್ಕದ ಬಾಗಿಲಲ್ಲಿ, ಕೈಯಲ್ಲಿ ಕೀ. ಅಯ್ಯೋ ದೇವರೇ ಎಂದುಕೊಂಡೆ. ಇವನ ಕೈಯಲ್ಲಿ ಯಾವ ರೋಗವೂ ಇರಲಿಲ್ಲ. ಇದ್ದದ್ದು ಲಾಂಡ್ರಿಯ ಸರಬರಾಜಿನ ಹೊತ್ತು. ವ್ಯಾನ್ ತಡವಾದರೆ ನನಗೆ ಬೈಗುಳ ಎಂದು ಪಾಪ ಬೇಗ ಮುಗಿಸುತ್ತಿದ್ದ. ಅದನ್ನು ಇವನೂ ತಿಳಿಯಲಿಲ್ಲ, ಅವನೂ ತಿಳಿಯಲಿಲ್ಲ, ನಾನೂ ತಿಳಿಯಲಿಲ್ಲ. ಸಂಗೀತಗಾರರೆಲ್ಲ ಸೇರಿ ಹಾಡಿನೊಳಗೆ ಹುಡುಕಿದ್ದೇ ಹುಡುಕಿದ್ದು.

ಬಾಯಿ ತೆರೆದವಳು ಮುಚ್ಚಿಕೊಂಡೆ. ಹೇಳಿಬಿಟ್ಟರೆ ಅವನು ಅದನ್ನೂ ಲೆಕ್ಕ ಹಾಕಿ ಬಾರಿಸುತ್ತಾನೆ. ಹಾಗಾಗಿ, "ಇನ್ನೊಂದು ಸಲ ನುಡಿಸಿ, ನಾನು ವ್ಯಾನ್ ತಿರುಗಿಸಿಕೊಂಡು ಬರ್ತೀನಿ" ಎಂದು ಹೊರಗೆ ಬಂದೆ. ಇದನ್ನು ಬರೀ ಉಪಾಯ ಎಂದುಕೊಳ್ಳಬೇಡಿ. ನಿಜಕ್ಕೂ ಸಂಜೆಯ ಹೊತ್ತಾಗಿತ್ತು. ಆಸ್ಪತ್ರೆಯ ಹಾಸುಬಟ್ಟೆಗಳು ಹಿಂದೆ ಕೂತಿದ್ದವು, ಮ್ಯಾನೇಜರಿನ ಫೋನು ಆಗಲೇ ಒಮ್ಮೆ ಬಂದಿತ್ತು. ವ್ಯಾನನ್ನು ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿ, ಮೆಟ್ಟಿಲಿಳಿದು, ಇವರಿಬ್ಬರು ನುಡಿಸುವ ಕೋಣೆಯ ಬಾಗಿಲಿಗೆ ಕಿವಿಯಿಟ್ಟೆ. ಹಾಡು ನಡೆದು ಬರುತ್ತಿತ್ತು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ದೀಪ ಉರಿಯುವಾಗ ಬಾಗಿಲು ತೆರೆದವರನ್ನು ಕೊಲ್ಲುವುದೊಂದೇ ಬಾಕಿ ಎಂದು ಧ್ವನಿ ಹಿಡಿಯುವವನು ಮೊದಲೇ ಹೇಳಿದ್ದ. ಹಾಡು ತಿರುಗಿ ನಿಂತಿತು. ನಾನು ಬಾಗಿಲು ತೆರೆದೆ.

ದಪ್ಪ ಬಾಗಿಲು, ಸದ್ದು ಮಾಡಿಯೇ ತೆರೆಯಿತು. ಗಾಜಿನಾಚೆ ಧ್ವನಿ ಹಿಡಿಯುವವನು ಎರಡೂ ಕೈ ಮೇಲೆತ್ತಿದ. ನಾನು ಅತ್ತ ನೋಡಲಿಲ್ಲ. ಕೀ ಗೊಂಚಲನ್ನು ಆಡಿಸಿದೆ. ಗಂಡ ತಲೆ ಎತ್ತಿ ನನ್ನನ್ನು ನೋಡಿದ.

ಮತ್ತೆ ಓಡಿದ. ತಾನು ಓಡುತ್ತಿದ್ದೇನೆಂಬುದು ಅವನಿಗೆ ತಿಳಿದಿರಲಿಲ್ಲ, ನಾನು ಬೇಕಾದರೆ ಆಣೆಯಿಟ್ಟು ಹೇಳುತ್ತೇನೆ. ಮುಖ ನನ್ನ ಕಡೆಗೇ ಇತ್ತು, ಕೈಗಳು ತಮ್ಮ ಪಾಡಿಗೆ ಹೊರಟುಬಿಟ್ಟಿದ್ದವು. ತಮ್ಮ ಬೆಚ್ಚಿ ತಿರುಗಿದ. ಒಂದು ಗಳಿಗೆ ಅವನ ಅಂಗೈ ತಂತಿಗಳ ಮೇಲೆ ಬಂತು, ಅಂದಿನ ಹಾಗೆ. ಅವನು ಕೈ ತೆಗೆದ. ತೆಗೆದು ಹಿಂದೆ ಬಿದ್ದು ಓಡಿದ, ಹಿಡಿದ, ದಾಟಿದ, ಮತ್ತೆ ಹಿಂದೆ ಬಿದ್ದ. ಇಬ್ಬರೂ ಏದುಸಿರು ಬಿಡುತ್ತ ಕೊನೆಗೆ ಬಂದು ಒಟ್ಟಿಗೆ ನಿಂತರು.

ಆಮೇಲೆ ಧ್ವನಿ ಹಿಡಿಯುವವನ ದನಿ ಬಂತು. "ಬಾಗಿಲು, ಕೀ, ಎಲ್ಲ ಹಿಡಿದಿದೆ ಇದರಲ್ಲಿ. ಇನ್ನೊಂದು ತಗೊಳ್ಳೋಣ."

"ಬೇಡ," ಎಂದ ತಮ್ಮ. "ಹಾಗೇ ಇರಲಿ."

"ಏನಾದ್ರೂ ಮಾಡ್ಕೊಳ್ಳಿ, ನಾನು ಹೊರಟೆ," ಎಂದೆ ನಾನು. "ಆಸ್ಪತ್ರೆಯವರು ಬರೀ ಹಾಸಿಗೆ ಮೇಲೆ ಮಲಗಿರ್ತಾರೆ."

ವ್ಯಾನಿನಲ್ಲಿ ಎಂದಿನ ಜಾಗಗಳು. ಗಂಡ ಮುಂದೆ ತಟ್ಟೆ ಹಿಡಿದು, ತಮ್ಮ ಹಿಂದೆ. ಎರಡು ಸಿಗ್ನಲ್ ದಾಟುವವರೆಗೂ ಗಂಡ ತನ್ನ ಕೈಗಳನ್ನೇ ನೋಡುತ್ತಿದ್ದ. ಆಮೇಲೆ, "ನೀನು ಬೇಕಂತಲೇ ಬಂದೆ, ಅಲ್ವಾ?" ಎಂದ.

"ಹೊತ್ತಾಗಿತ್ತು," ಎಂದೆ. ಆಮೇಲೆ ಷಟರಿನ ಸದ್ದಿನ ವಿಷಯ ಹೇಳಿದೆ. "ರೋಗ ಅಲ್ಲ ಅದು. ನನಗೆ ಬೈಗುಳ ಬೀಳುತ್ತೆ ಅಂತ ಬೇಗ ಮುಗಿಸ್ತಿದ್ರಿ. ಅಷ್ಟೇ ವಿಷಯ."

ಅವನು ಯೋಚಿಸಿದ. ಅವನ ಯೋಚನೆ ಮುಗಿಯುವಷ್ಟರಲ್ಲಿ ಮೂರನೇ ಸಿಗ್ನಲ್ ಬಂತು.

"ಬೈಗುಳದ್ದಲ್ಲ," ಎಂದ. "ನೀನು ಬಂದೆ ಅಂದ್ರೆ ಹೊರಡೋದು ಅಂತ. ಹೊರಟ್ರೆ ಇಲ್ಲಿ ಕೂರಬಹುದು ಅಂತ. ಈ ಸೀಟಲ್ಲಿ." ಸ್ವಲ್ಪ ತಡೆದು, "ತಟ್ಟೆ ಹಿಂದೆ ಹಾಕಿದ್ರೂ ಏನೂ ಆಗ್ತಿರ್ಲಿಲ್ಲ" ಎಂದ.

ಹಸಿರು ದೀಪ ಬಂತು. ನನಗೆ ರಸ್ತೆ ಕಾಣಲಿಲ್ಲ, ಕಣ್ಣು ತುಂಬಿಬಿಟ್ಟಿತ್ತು. ಇಷ್ಟು ಸಂಜೆಗಳು ಆ ಮರದ ಪೆಟ್ಟಿಗೆಯ ಮುಂದೆ ಕೂತು ಇವನು ತನ್ನ ಕೈಯಿಂದ ಕಿತ್ತುಹಾಕಲು ಹೆಣಗಿದ್ದು ಇದನ್ನೇ. ಹಿಂದಿನ ಗಾಡಿಯವನು ಹಾರ್ನ್ ಒತ್ತಿದ. ಸೆರಗಿನಿಂದ ಮುಖ ಒರೆಸಿಕೊಂಡು ಗೇರ್ ಹಾಕಿದೆ.

ಹಿಂದೆ ಮೂಟೆಗಳ ನಡುವೆ ಸದ್ದೇ ಇರಲಿಲ್ಲ. ಬೆರಳು ಬಡಿಯುವ ಸದ್ದೂ ಇಲ್ಲ. ಕನ್ನಡಿಯಲ್ಲಿ ನೋಡಿದೆ, ತಮ್ಮ ಗಿಟಾರಿನ ಪೆಟ್ಟಿಗೆಯನ್ನು ಅಪ್ಪಿಕೊಂಡು ಕೂತಿದ್ದ. ಆಸ್ಪತ್ರೆಯ ತಿರುವು ಬಂದಾಗ ಅವನು ಬಾಯಿ ಬಿಟ್ಟ.

"ಭಾವ."

ಗಂಡ ತಕ್ಷಣ ತಿರುಗಲಿಲ್ಲ. ಯಾರನ್ನು ಕರೆದದ್ದು ಎಂದು ಅವನಿಗೆ ಹೊಳೆಯಲಿಲ್ಲ.

"ಭಾವ, ಆಲ್ಬಮ್ ಬಂದ ಮೇಲೆ ಊರೂರು ಹೋಗ್ಬೇಕು. ನೀವೂ ಬನ್ನಿ."

ಈಗ ಗಂಡ ತಿರುಗಿದ. "ಇಲ್ಲಪ್ಪ," ಎಂದ ನಿಧಾನವಾಗಿ. ಸಿಟ್ಟಿನಿಂದ ಹೇಳಲಿಲ್ಲ. "ಕನ್ನಡಕಕ್ಕೆ ಕಾದಿರೋ ಜನ ಇದ್ದಾರೆ. ಆಮೇಲೆ ಅಲ್ಲಿ ವ್ಯಾನ್ ಯಾರು ತರ್ತಾರೆ." ಚೀಲದಿಂದ ಮೆಟ್ರೊನೋಮ್ ತೆಗೆದು ಸೀಟಿನ ಮೇಲಿಂದ ಹಿಂದಕ್ಕೆ ಚಾಚಿದ. "ಇದನ್ನ ಇಟ್ಕೋ. ಒಬ್ಬನೇ ನುಡಿಸುವಾಗ ಬೇಕಾಗುತ್ತೆ. ನನಗೆ ಸಾಕಾಯ್ತು ಇದರ ಸಹವಾಸ."

ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡ. ನಾನು ಆಸ್ಪತ್ರೆಯ ಹಿಂಬಾಗಿಲಿಗೆ ವ್ಯಾನ್ ಹಚ್ಚಿ, ಇಳಿದು, ಹಿಂದಿನ ಬಾಗಿಲು ತೆರೆದೆ. ಅವನು ಕೆಳಗಿಳಿಯದೆ ಆ ಪೆಟ್ಟಿಗೆಯ ಕೀಲಿ ತಿರುಗಿಸುತ್ತಿದ್ದ. ಟಿಕ್ ಟಿಕ್ ಎನ್ನತೊಡಗಿತು. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಅವನ ಬೆರಳು ಮೂಟೆಯ ಮೇಲೆ ಬಡಿಯತೊಡಗಿತು, ಮೊದಲು ಅದರ ಜೊತೆಗೆ, ಆಮೇಲೆ ಸ್ವಲ್ಪ ಮುಂದೆ.

"ಇಳಿಯೋ," ಎಂದೆ. "ಆ ಮೂಟೆ ಈ ಕಡೆ ಕೊಡು. ಹೊತ್ತಾಯ್ತು."